ಪುಸ್ತಕದ ಬಸ್ಸು ಮತ್ತು ಎರಡು ಓಟು

ಡೀಸೆಲ್ ಹೊಗೆಯೊಳಗೆ ಬೆರೆತ ಹಳೆ ಕಾಗದದ ಘಮ! ಊರೂರಿಗೆ ಗ್ರಂಥಾಲಯ ಹೊತ್ತು ತರುವ ಪುಸ್ತಕದ ಬಸ್ಸಿನ ಆ ವಾಸನೆ ಮೂಗಿಗೆ ತಾಗಿದರೆ ಸಾಕು, ಎಪ್ಪತ್ತು ದಾಟಿದ ಆರ್ಡಿತ್ ಎರಡು ಜಡೆಯ ಹುಡುಗಿಯಾಗಿಬಿಡುತ್ತಿದ್ದಳು. ಓಹಾಯೊದ ಆ ಪುಟ್ಟ ಊರಿಗೆ ಬಸ್ಸು ಮುಂದೆಯೂ ಬರಬೇಕಾದರೆ ತೆರಿಗೆ ಚೂರು ಏರಬೇಕಿತ್ತು. ಅದಕ್ಕೆ ಈ ಮಂಗಳವಾರ ಜನ ‘ಹೌದು’ ಎಂದು ಓಟು ಹಾಕಬೇಕಿತ್ತು.

ಆರ್ಡಿತ್ ಮಾತ್ರ ಹಾಕುವಂತಿರಲಿಲ್ಲ. ಪಕ್ಕದ ಮನೆಯ ವೆಂಡೆಲ್ ಜೊತೆ ಅವಳದು ಹಳೆಯ ಒಪ್ಪಂದ. ಇವಳು ‘ಹೌದು’ ಎಂದರೆ ಅವನು ‘ಬೇಡ’, ಒಂದಕ್ಕೊಂದು ವಜಾ. ಆ ಸುಖಕ್ಕೆ ನವೆಂಬರ್ ಚಳಿಯಲ್ಲಿ ಕಾಲು ಸವೆಸುವುದೇಕೆಂದು ಪ್ರತಿ ಚುನಾವಣೆಗೂ ಇಬ್ಬರೂ ಮನೆಯಲ್ಲೇ ಉಳಿಯುತ್ತಿದ್ದರು.

ಈ ಸಲ ವೆಂಡೆಲ್ ಬೆಳಗ್ಗೆಯೇ ಗಡ್ಡ ಹೆರೆದು ಟೈ ಕಟ್ಟಿ ನಿಂತಿದ್ದ. ಒಪ್ಪಂದ ಮುರಿದು ‘ಬೇಡ’ ಎನ್ನಲು ಹೊರಟಿದ್ದಾನೆಂದು ಆರ್ಡಿತಳಿಗೆ ಖಾತ್ರಿಯಾಯಿತು. ಕಾಫಿ ಲೋಟ ಹಿಡಿದು ಬಂದವಳೇ ಅವನ ಜಗಲಿಯಲ್ಲಿ ಬೇರು ಬಿಟ್ಟಳು.

“ನಾಯೀನ ಅಡ್ಡಾಡಿಸ್ಕೊಂಡು ಬರ್ಬೇಕು,” ವೆಂಡೆಲ್ ನೆಪ ತೆಗೆದ.

“ನಾನೂ ಬರ್ತೀನಿ ನಡಿ.”

ಹಾಳು ನಾಯಿ ಮತಗಟ್ಟೆಯ ಕಡೆಗೇ ಎಳೆಯಿತು. ಆರ್ಡಿತ್ ಅದನ್ನೂ ಅದರ ಯಜಮಾನನನ್ನೂ ವಾಪಸು ಎಳೆತಂದಳು.

“ತಲೆನೋವು. ಮಾತ್ರೆ ತರ್ಬೇಕು.”

ಅವಳು ಕೈಚೀಲ ಸುರಿದಳು. “ಯಾವ ಬಣ್ಣದ್ದು ಬೇಕು, ಆರಿಸ್ಕೊ.”

ಮಧ್ಯಾಹ್ನ ಎದುರುಮನೆಯ ಡೆಲ್ಫೀನ್ ಕಾರು ತಂದು ಹಾರನ್ ಬಾರಿಸಿದಳು. “ಹತ್ರಿ ಇಬ್ರೂ, ಓಟು ಹಾಕಿ ಬರೋಣ! ಈ ಬೀದೀಲಿ ಒಬ್ಬ ಕೆಲಸಕ್ಕೆ ರಜಾ ಇಲ್ಲ ಅಂತಾನೆ, ಇನ್ನೊಬ್ಳು ಇವತ್ತು ಮಂಗಳವಾರ ಅನ್ನೋದೇ ಮರ್ತಿದಾಳೆ. ನಿಮಗೇನು ದಾಡಿ?”

ವೆಂಡೆಲ್‌ನ ಒಂದು ಕಾಲು ಆಗಲೇ ಕಾರಿನಲ್ಲಿತ್ತು. ಆರ್ಡಿತ್ ಬಾವಲಿಯಂತೆ ಅವನ ಕೋಟಿಗೆ ಜೋತುಬಿದ್ದಳು. “ಮಾತು ಅಂದ್ರೆ ಮಾತು, ವೆಂಡೆಲ್!” ಗುಂಡಿ ಕಿತ್ತು ಚರಂಡಿಗೆ ಉರುಳಿತು. ಅವನು ಕಾಲು ಹೊರತೆಗೆದು, ತೆಪ್ಪಗೆ ಬಂದು ಕುಳಿತ.

ಸಂಜೆ ಡೆಲ್ಫೀನ್ ಮುಖ ಜೋಲುಹಾಕಿಕೊಂಡು ಬಂದಳು. “ಎರಡೂ ಕಡೆ ಸಮ. ಸಮ ಅಂದ್ರೆ ಸೋತ ಹಾಗೇ. ಬಸ್ಸು ಹೋಯ್ತು.”

“ಇವನನ್ನ ಬಿಟ್ಟಿದ್ರೆ ಸಮಾನೂ ಆಗ್ತಿರ್ಲಿಲ್ಲ,” ಆರ್ಡಿತ್ ಗದ್ದ ಎತ್ತಿದಳು.

ವೆಂಡೆಲ್ ಕೆಮ್ಮಿದ. “ನಾನು ಹೊರಟಿದ್ದು ‘ಹೌದು’ ಅನ್ನೋಕೆ.”

“ಏನಂದೆ?”

“ಮಂಡಿ ನೋವು ಶುರುವಾದಾಗಿಂದ ಆ ಬಸ್ಸಿನ ಹುಡುಗಿ ಮೆಟ್ಲು ಹತ್ತಿ ಬಂದು ಪುಸ್ತಕ ಕೊಟ್ಟು ಹೋಗ್ತಾಳೆ. ನಾನು ಕೇಳೇ ಇರ್ಲಿಲ್ಲ.”

“ಬೆಳಗ್ಗೇನೇ ಬಾಯಿ ಬಿಡೋಕೆ ಏನಾಗಿತ್ತು ನಿನಗೆ?”

“ಮೂವತ್ತು ವರ್ಷ ಬೇಡ ಅಂದೋನು ಕಣೆ. ನಿನ್ನೆದುರಿಗೆ ಹೌದು ಅನ್ನೋಕೆ ನಾಚಿಕೆ ಆಯ್ತು.”

 ದಿನವಿಡೀ ಕಾವಲು ಕೂತ ಆರ್ಡಿತಳ ಬೆನ್ನು ಆಗ ನೋಯತೊಡಗಿತು.

ವೆಂಡೆಲ್ ಕುಂಟುತ್ತ ಒಳಗೆ ಹೋಗಿ ಬಂದ. ಬಿಸಿ ಹುರುಳಿಕಾಯಿ ಸೂಪಿನ ಬಟ್ಟಲು, ಅಂಚಿನಲ್ಲಿ ಒಂದು ತುಂಡು ಬ್ರೆಡ್ಡು. ಅವಳ ಮಡಿಲಲ್ಲಿಟ್ಟು, ಚಮಚವನ್ನು ಕೈಗೆ ಕೊಟ್ಟ.