ಖಾಲಿ ಇರಬೇಕಾದ ಟಾಕಿ

ವಿಶ್ವವಿದ್ಯಾಲಯದಿಂದ ನಾನು ಸಿವಿಲ್ ಎಂಜಿನಿಯರಿಂಗ್ ಪದವಿಯ ಜೊತೆಗೆ ಯಾವುದನ್ನೂ ಸುಲಭಕ್ಕೆ ನಂಬದ ಚಟವನ್ನೂ ಹೊತ್ತು ತಂದೆ. ಬ್ಯಾಂಕಿನ ಕೆಲಸ ಸಿಕ್ಕ ದಿನವೇ ಪದವಿ ಕಪಾಟು ಸೇರಿತು. ಚಟ ಮಾತ್ರ ವರ್ಗಾವಣೆಯಾದಲ್ಲೆಲ್ಲ ಬೆನ್ನಿಗೆ ಬಂತು. ಮೊದಲು ದೇವರನ್ನು, ಆಮೇಲೆ ಹವಾಮಾನ ವರದಿಯನ್ನು ಅನುಮಾನಿಸುತ್ತಿದ್ದವನು ಈಚೆಗೆ ನನ್ನ ನೆನಪನ್ನೇ ಅನುಮಾನಿಸತೊಡಗಿದ್ದೇನೆ. ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ಬಂದು ನೋಡುತ್ತೇನೆ. ಸರಿಯಾಗಿ ನೋಡಿದೆನೇ ಎಂದು ಯೋಚಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಇಂಥವನ ಕೈಗೆ ನಾಸಿಕದ ನಮ್ಮ ವಸತಿ ಸೊಸೈಟಿಯವರು ಮಳೆನೀರನ್ನು ಒಪ್ಪಿಸಿದರು. ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸಿದ ಮೇಲೆ ಒಂದು ಹನಿಯೂ ನೆಲಕ್ಕೆ ಇಂಗುತ್ತಿರಲಿಲ್ಲ. ದೊಡ್ಡ ಮಳೆ ಬಂದರೆ ಚಾವಣಿಯ ನೀರೂ ಅಂಗಳದ ನೀರೂ ಜೊತೆಗೂಡಿ ಕೆಳಮನೆಯ ಶಾಂತಾಕಾಕು ಅವರ ಹೊಸ್ತಿಲು ದಾಟುತ್ತಿದ್ದವು. ಎಲ್ಲರಿಗೂ ಚಿಕ್ಕಮ್ಮನಂತಿದ್ದ ಈ ಕಾಕು ಬೀದರ ಕಡೆಯವರು. ವರ್ಷದ ಜೋಳ ಬೇಸಿಗೆಯಲ್ಲೇ ಊರಿನಿಂದ ಚೀಲಗಟ್ಟಲೆ ಬರಬೇಕು. ಇಲ್ಲಿನ ಹಿಟ್ಟಿನ ರೊಟ್ಟಿ ತಿಂದರೆ ಅವರಿಗೆ ಊಟವಾದಂತೆಯೇ ಅಲ್ಲ. ಹಿಂದಿನ ವರ್ಷ ನೀರು ನುಗ್ಗಿ ಜೋಳ ಚೀಲದೊಳಗೇ ಮೊಳಕೆಯೊಡೆದಿತ್ತು. ಮತ್ತೆ ತೊಯ್ದರೆ ಮನೆ ಬಿಟ್ಟು ಊರಿಗೇ ಹೋಗುತ್ತೇನೆಂದು ಅವರು ಸಭೆಯಲ್ಲಿ ಹೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸಿವಿಲ್ ಓದಿದವನೆಂದು ಎಂದೋ ಜಂಬ ಕೊಚ್ಚಿದ್ದೆನಂತೆ.

ಚಾವಣಿ ಅಂಗಳಗಳ ವಿಸ್ತೀರ್ಣ, ಬೀಳುವ ಮಳೆ, ಅದರಲ್ಲಿ ಇಂಗದೆ ಹರಿಯುವ ಪಾಲು, ಇಷ್ಟನ್ನು ಗುಣಿಸಬೇಕೆಂದು ಗೊತ್ತಿತ್ತು. ಗುಣಿಸಿದೆ. ಅನುಮಾನ ಬಂದು ಮತ್ತೆ ಮತ್ತೆ ಗುಣಿಸಿದೆ. ಪ್ರತಿ ಸಲವೂ ಬೇರೆ ಉತ್ತರ ಬಂತು. ಎಲ್ಲಕ್ಕಿಂತ ದೊಡ್ಡದನ್ನು ಆರಿಸಿಕೊಂಡು ಅದನ್ನು ಮುಂಜಾಗ್ರತೆ ಎಂದು ಕರೆದೆ. ಅಂಗಳದಡಿ ನೀರಿನ ಟಾಕಿ ಕಟ್ಟಿಸಿದೆ. ರಭಸದ ನೀರನ್ನು ಹಿಡಿದಿಟ್ಟು, ತಳದ ಸಣ್ಣ ಪೈಪಿನಿಂದ ನಿಧಾನವಾಗಿ ಬೀದಿಯ ಗಟಾರಕ್ಕೆ ಬಿಡುವುದು ಅದರ ಕೆಲಸ. ದುರಸ್ತಿಗೆ ಇರಲೆಂದು ಪೈಪಿಗೊಂದು ವಾಲ್ವ್. ಬರುವ ಮಳೆಗೆ ಜಾಗ ಬೇಕಾದ್ದರಿಂದ ಟಾಕಿ ಸದಾ ಖಾಲಿ ಇರಬೇಕು. ದಿನ ಬಿಟ್ಟು ದಿನ ನಳದ ನೀರು ಕಾಣುವ ಜನಕ್ಕೆ ಇದನ್ನು ಒಪ್ಪಿಸುವುದೇ ಕಷ್ಟವಾಯಿತು.

“ಇಷ್ಟ ದೊಡ್ಡ ಟಾಕಿ ಕಟ್ಟಿ ಖಾಲಿ ಇಡೂದೇನ್ರಿ ಸಾಹೇಬ್ರ? ಮಂದಿ ನಗ್ತಾರ” ಎಂದರು ಕಾಕು.

ಠೇವಣಿ ಕೂಡಿಸುತ್ತಲೇ ತಲೆ ನರೆತ ನಾನು, ಇದು ಖಾಲಿ ಇದ್ದಷ್ಟೂ ಲಾಭ ಕೊಡುವ ಖಾತೆ ಎಂದು ವಿವರಿಸಿದೆ. ಯಾರೂ ನೀರು ತುಂಬಬಾರದೆಂದು ಮರಾಠಿಯಲ್ಲಿ ಫಲಕವನ್ನೂ ಬರೆಸಿದೆ.

ಮೊದಲ ದೊಡ್ಡ ಮಳೆ ಒಂದು ಭಾನುವಾರ ಮಧ್ಯಾಹ್ನ ಬಂತು. ನನ್ನ ಟಾಕಿ ನೀರು ನುಂಗುವುದನ್ನು ನೋಡಲು ಕೊಡೆ ಹಿಡಿದು ಇಳಿದೆ. ಅದು ನುಂಗಲಿಲ್ಲ. ಮುಚ್ಚಳದ ಸಂದಿಯಿಂದ ಉಕ್ಕಿದ ನೀರು ಕಾಕು ಅವರ ಹೊಸ್ತಿಲಿನ ಕಡೆ ಹೊರಟಿತ್ತು. ನೋಡಿದರೆ ವಾಲ್ವ್ ಬಿಗಿಯಾಗಿ ಮುಚ್ಚಿತ್ತು, ನಳದ ಪೈಪು ಒಳಗಿಳಿದಿತ್ತು. ಯಾರೋ ಟಾಕಿಯನ್ನು ಕಂಠಮಟ್ಟ ತುಂಬಿಸಿಟ್ಟಿದ್ದರು. ವಾಲ್ವ್ ತಿರುವುತ್ತ, ಶಿಸ್ತಿಲ್ಲದ ಜನ, ಓದು ಬರಹ ದಂಡ ಎಂದೆಲ್ಲ ಕೂಗಾಡಿದೆ.

ಬಾಲ್ಕನಿಯಿಂದ ಹೆಂಡತಿ ಸುಮಾ ಸಮಾಧಾನವಾಗಿ ಹೇಳಿದಳು: “ನಿನ್ನೆ ನಳ ಬಂದಾಗ ನೀವ ಅಲ್ಲೇನ್ರಿ ಪೈಪ್ ಬಿಟ್ಟದ್ದು? ವಾಲ್ವ್ ಬ್ಯಾರೆ ಬಿಗಿ ಮಾಡಿ ಬಂದ್ರಿ. ಮನ್ಯಾಗ ಎಲ್ಲಾ ತುಂಬ್ಯಾವ, ಇಷ್ಟ ನೀರು ಗಟಾರಕ್ಕ ಹೋಗೂದು ನೋಡ್ಲಿಕ್ಕಾಗಲ್ಲ ಅಂದ್ರಿ.”

ನಾನು ನಂಬಲಿಲ್ಲ. ಆದರೆ ನನ್ನ ಕಡೆ ಸಾಕ್ಷಿ ಹೇಳಲು ನನ್ನ ನೆನಪೊಂದೇ ಇತ್ತು, ಅದನ್ನೂ ನಾನು ನಂಬುವುದಿಲ್ಲ. ವಾದ ಬಿಟ್ಟು, ಪ್ಯಾಂಟು ಮಡಿಸಿ, ಜೋಳದ ಚೀಲ ಎತ್ತಲು ಕಾಕು ಅವರ ಮನೆಗೆ ನುಗ್ಗಿದೆ. ಚೀಲ ಇಡುವ ಮೂಲೆ ಬರಿದಾಗಿತ್ತು. ಕಾಕು ಪಲ್ಲಂಗದ ಮೇಲೆ ಕಾಲು ಮಡಚಿ ಕೂತು ಚಹಾ ಕುಡಿಯುತ್ತಿದ್ದರು.

“ಜ್ವಾಳ ನಿಮ್ಮ ಮನ್ಯಾಗ ಅದರಿ. ನೀವು ಟಾಕಿ ಕಟ್ಟಿಸಿದ ದಿನಾನ ಸುಮಾಗ ಕೇಳಿ ನಿಮ್ಮ ಪಲ್ಲಂಗದ ಕೆಳಗ ಇಡಿಸೀನಿ.”

ಅಷ್ಟು ದಿನ ನಾನು ಅದರ ಮೇಲೆಯೇ ನಿದ್ದೆ ಮಾಡಿದ್ದೆ.

ಆಮೇಲೆ ಆ ಮಳೆಗಾಲವಿಡೀ ಟಾಕಿ ಖಾಲಿ ಇತ್ತು, ಹೊಸ್ತಿಲು ದಾಟಿ ನೀರು ಬರಲಿಲ್ಲ. ಮುಂದಿನ ಬೇಸಿಗೆಯ ಜೋಳವನ್ನು ಕಾಕು ಧೈರ್ಯವಾಗಿ ಕೆಳಗೇ ಇಳಿಸಿಕೊಂಡರು. ಟಾಕಿಯ ಮೇಲೆ ಅವರಿಗೀಗ ಪೂರ್ತಿ ನಂಬಿಕೆ. ನಳ ಬರುವ ದಿನ ಮಾತ್ರ ನಾನು ಕೆಳಗೆ ಇಳಿಯಕೂಡದು. ಬಾಲ್ಕನಿಯಲ್ಲಿ ನಿಂತು, ಅಂಗಳದ ಡ್ರಮ್ಮು ತುಂಬಿ ನಳದ ಒಳ್ಳೆಯ ನೀರು ಗಟಾರಕ್ಕೆ ಹರಿಯುವುದನ್ನು ನೋಡುತ್ತೇನೆ. ಪೈಪನ್ನು ಟಾಕಿಗೆ ಬಿಡಲು ಕೈ ತುರಿಸುತ್ತದೆ. ಕೆಳಗೆ ಪಾತ್ರೆ ತೊಳೆಯುತ್ತಿರುವ ಕಾಕು ತಲೆಯೆತ್ತದೆಯೇ ಹೇಳುತ್ತಾರೆ: “ಸಾಹೇಬ್ರ, ಒಳಗ ಹೋಗ್ರಿ.”