ಭಾವನವರ ಸಂಶೋಧನೆಗೆ ನಾನು ಹೇಳಿಕೊಟ್ಟ ಉತ್ತರ

ನಮ್ಮ ಭಾವನವರ ಜೊತೆ ಅಂಗಡಿಗೆ ಹೋಗಿ ಮಾನ ಉಳಿಸಿಕೊಂಡು ಬಂದರೆ ಅದೇ ದೇವರ ದಯೆ! ಅಕ್ಕನ ಗಂಡ ಅವರು. ಮಂಡ್ಯದ ಕಾಲೇಜಿನಲ್ಲಿ ಮಾರ್ಕೆಟಿಂಗ್ ಪ್ರೊಫೆಸರು. ಜನ ಏನು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ, ಸಾಮಾನು ಹಳ್ಳಿಯಂಗಡಿಗೆ ಯಾವ ದಾರಿಯಲ್ಲಿ ಬಂತು, ಇದೇ ಅವರ ಸಂಶೋಧನೆ. ಮದ್ದೂರಿನಲ್ಲೊಮ್ಮೆ ಸೋಪು ಮೂಸಿ ವಾಪಸಿಟ್ಟ ಹೆಂಗಸಿನ ಹಿಂದೆಯೇ ಹೋಗಿ, "ಯಾಕಮ್ಮ ಬೇಡ ಅಂದ್ರಿ?" ಎಂದು ಕೇಳಿದರು.

"ನಿಂಗ್ಯಾಕಯ್ಯ ಅದು? ನನ್ ಮೈ, ನನ್ ಸೋಪು!"

ಭಾವ ಅದನ್ನೂ ಬರೆದುಕೊಂಡರು. ಸದ್ಯ, ಆಕೆ ಹೊಡೆಯಲಿಲ್ಲ!

ಆಮೇಲೆ ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸುವುದು ಶುರುವಾಯಿತು. ಮದ್ದೂರಿನಿಂದ ಮಳವಳ್ಳಿಯವರೆಗೆ ಹಳ್ಳಿ ಹಳ್ಳಿ ಸುತ್ತಿದೆವು. ಹೆಂಗಸರನ್ನು ಮಾತಾಡಿಸಲು ನಾನೂ ಅಕ್ಕನೂ ಜೊತೆಗೆ. ಮೊದಲ ಪ್ರಶ್ನೆಯೇ, ಮನೆಗೆ ಯಾವ ಸಾಮಾನು ತರಬೇಕೆಂದು ತೀರ್ಮಾನಿಸುವವರು ಯಾರು? ಇನ್ಯಾರು, ನಾವು ಹೆಂಗಸರೇ! ಆದರೆ ಹಾಗೆಂದು ಬರೆದುಕೊಡುವುದುಂಟೇ? "ಯಜಮಾನ್ರು ಅಂತ ಆಕ್ಬುಡ್ರವ್ವ, ಮರ್ವಾದೆ" ಎಂದು ಎಲ್ಲರ ಕಿವಿಯಲ್ಲೂ ಊದಿದವಳು ನಾನು.

"ನಮ್ಮೆಜಮಾನ್ರು ಅಂಗ್ಡಿ ಮೆಟ್ಲು ಅತ್ತೋದು ಬೀಡಿಗೆ ಮಾತ್ರ ಕಣಮ್ಮ!" ಎಂದು ಬೆಸಗರಹಳ್ಳಿಯಲ್ಲೊಬ್ಬಳು ನಗುತ್ತಲೇ ಗುರುತು ಹಾಕಿದಳು.

ಅಕ್ಕನೂ ಒಂದು ಹಾಳೆ ತುಂಬಿದಳು. ಅದರಲ್ಲಿ 'ನಾನು' ಎಂದು ಹಾಕಲು ಹೊರಟಿದ್ದಳು. "ನಿಮ್ ಭಾವಂಗೆ ಕೊತ್ತುಂಬ್ರಿ ಯಾವ್ದು, ಪುದೀನ ಯಾವ್ದು ಅಂತ್ಲೇ ಗೊತ್ತಿಲ್ಲ ಕಣೇ!" ನಾನು ಅವಳ ಕೈ ಹಿಡಿದು 'ಯಜಮಾನರು' ಕಡೆಗೆ ಎಳೆದೆ. ಇಬ್ಬರೂ ನಕ್ಕೆವು.

ಮರುವರ್ಷ ಅಕ್ಕ ತೀರಿಕೊಂಡಳು. ಭಾವ ದುಃಖವನ್ನೆಲ್ಲ ಆ ಕೆಲಸಕ್ಕೇ ಸುರಿದರು. ನಿಜ ಹೇಳಿಬಿಡೋಣವೆಂದು ಎಷ್ಟೋ ಸಲ ಅಂದುಕೊಂಡೆ, ನಾಚಿಕೆ ಬಿಡಲಿಲ್ಲ. ಕೊನೆಗೆ ಅವರು ಕಾಲೇಜಿನ ಸಭೆಯಲ್ಲಿ, ಮಂಡ್ಯದ ಕಡೆ ಸಾಸಿವೆಯನ್ನೂ ಗಂಡಸರೇ ಆರಿಸುತ್ತಾರೆಂದು ಓದಿದರಂತೆ. ಸಭೆಗೆ ಸಭೆಯೇ ನಕ್ಕಿತಂತೆ. ಇದು ನಡೆಯದು, ಮೊದಲಿಂದ ಮಾಡಿ ಎಂದರಂತೆ ಅಲ್ಲಿದ್ದ ಹಿರಿಯರು. ಅಷ್ಟು ವರ್ಷಗಳ ಬಿಸಿಲು, ಬಸ್ಸು, ಓಡಾಟ, ಎಲ್ಲ ನನ್ನಿಂದ ಮಣ್ಣುಪಾಲು!

ತಪ್ಪೊಪ್ಪಿಕೊಳ್ಳಲೆಂದು ಅವರ ಮನೆಗೆ ಹೋದೆ. ಹಾಳೆಗಳನ್ನೆಲ್ಲ ರದ್ದಿಗೆ ಚೀಲದಲ್ಲಿ ತುಂಬುತ್ತಿದ್ದರು. ಒಂದನ್ನು ಮಾತ್ರ ಮೇಜಿನ ಮೇಲೆ ಎತ್ತಿಟ್ಟಿದ್ದರು.

"ಮಿಕ್ಕಿದ್ದೆಲ್ಲ ಸುಳ್ಳು ಇರ್ಬೋದು ಕಣಮ್ಮ. ಇದು ನಿಮ್ಮಕ್ಕಂದು. ಬದುಕಿದ್ದಷ್ಟು ದಿನಾನೂ ನಂಗೇನೂ ಗೊತ್ತಾಗಲ್ಲ ಅಂತ ಬೈದ್ಲು. ಹಾಳೇಲಿ ನೋಡು, ನನ್ನೇ ಯಜಮಾನ ಅಂದವ್ಳೆ."

ಆ ಹಾಳೆಯನ್ನು ಜೋಪಾನವಾಗಿ ಮಡಿಸಿ ಅವರ ಕೈಗೇ ಕೊಟ್ಟೆ.

"ಹೂಂ ಭಾವ," ಎಂದೆ. "ನನ್ ಹತ್ರಾನೂ ಹಂಗೇ ಅಂತಿದ್ಲು."