ಎಳ್ಳಮಾವಾಸ್ಯೆಗೆ ನಾನು ಮಿತವಾಗಿ ಉಂಡದ್ದು

ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಸುರಪುರದಿಂದ ಬೋನಾಳಕ್ಕೆ ಕರೆದೊಯ್ಯುವ ಗಾಡಿ ಬಾರದೇ ಇರಬಹುದಿತ್ತು. ಬಂದರೂ ಎತ್ತು ಬೆದರಿ ನನ್ನನ್ನು ಕೆರೆಗೆ ಚೆಲ್ಲಬಹುದಿತ್ತು. ಹೊಲದ ಬದುವಿನಲ್ಲಿ ಹಾವು ಇರಬಹುದಿತ್ತು. ಹೂರಣಗಡುಬು ಗಂಟಲಿಗೆ ಸಿಕ್ಕಿ ನಾನು ಬೀಗನಾಗುವ ಮುನ್ನವೇ ಶಿವನ ಪಾದ ಸೇರಿ, ಮಗಳ ಮದುವೆ ಮುಂದಕ್ಕೆ ಹೋಗಬಹುದಿತ್ತು. ಅಷ್ಟೇ ಏಕೆ, ನಾನು ಉಣ್ಣುತ್ತಿರುವಾಗಲೇ ನಮ್ಮೂರು ಶಹಾಪುರ ಒಂದು ರಾಜ್ಯಕ್ಕೂ ಬೋನಾಳ ಇನ್ನೊಂದು ರಾಜ್ಯಕ್ಕೂ ಸೇರಿ, ಮನೆಗೆ ಮರಳಲು ಪರವಾನಗಿ ಬೇಕಾಗಬಹುದಿತ್ತು.

ನಗಬೇಡಿ. ನಿಜಾಮರ ಆಳ್ವಿಕೆ ಮುಗಿದು, ಮುಂದೆ ನಾವು ಯಾರ ಪಾಲಿಗೆ ಎಂದು ಇನ್ನೂ ಗೊತ್ತಾಗದಿದ್ದ ಕಾಲ ಅದು. ಕಚೇರಿಯಲ್ಲಿ ನಾನು ಬೆಳಿಗ್ಗೆ ಉರ್ದುವಿನಲ್ಲಿ ಬರೆದದ್ದನ್ನು ಮಧ್ಯಾಹ್ನ ಇಂಗ್ಲಿಷಿಗೆ ತಿರುಗಿಸಿ, ಸಂಜೆ ಅದರ ಅರ್ಥವೇನಿರಬಹುದೆಂದು ಕನ್ನಡದಲ್ಲಿ ಚಿಂತಿಸುತ್ತಿದ್ದೆ. ಊರಿಗೆಲ್ಲ ಸಂಸ್ಥಾನ ವಿಲೀನವಾದದ್ದು ದೊಡ್ಡ ಸುದ್ದಿ. ನನ್ನ ಚಿಂತೆ ಹೊಟ್ಟೆಯದು. ದಸರೆಯಿಂದ ಹಬ್ಬಗಳು ಸಾಲುಗಟ್ಟಿ ಬರುತ್ತವೆ. ಉಂಡದ್ದು ಯಾವುದೂ ವಿಲೀನವಾಗಲು ಒಪ್ಪದೆ, ದಸರೆಯ ಹೋಳಿಗೆ ದೀಪಾವಳಿಯವರೆಗೂ ಸ್ವತಂತ್ರವಾಗಿಯೇ ಉಳಿಯುತ್ತಿತ್ತು.

ಬಜಾರಿನ ಹಕೀಮ ಸಾಹೇಬರು ನಾಡಿ ಹಿಡಿದು ನಿಟ್ಟುಸಿರು ಬಿಟ್ಟರು. "ಗುಮಾಸ್ತ ಸಾಬ್, ಪೇಟ್ ಅಂದ್ರ ಗೋದಾಮ್ ಅಲ್ರಿ. ಒಂದು ತುತ್ತು ಬಾಯಾಗ ಇಟ್ಕೊಳ್ರಿ. ಕಣ್ಣು ಮುಚ್ರಿ. ನೀರಾಗೋತನಕ ಅಗೀರಿ. ಖಯಾಲ್ ಪೂರಾ ರುಚಿ ಮ್ಯಾಲ. ಆಮ್ಯಾಲ ಮುಂದಿನ ತುತ್ತು."

ಅಷ್ಟರಲ್ಲೇ ಬೋನಾಳದ ಬಸಣ್ಣನವರಿಂದ ಎಳ್ಳಮಾವಾಸ್ಯೆಯ ಹೊಲದೂಟಕ್ಕೆ ಕರೆ ಬಂತು. ಅವರ ಮಗ ಸಂಗಣ್ಣ ಸುರಪುರದಲ್ಲಿ ಶಾಲಾಮಾಸ್ತರ. ನಮ್ಮ ಗಿರಿಜೆಯನ್ನು ನೋಡಿ ಹೋಗಿದ್ದ, ಒಪ್ಪಿಯೂ ಇದ್ದ. ಆದರೆ ಆ ಮನೆಯಲ್ಲಿ ಹೂಂ ಎನ್ನಬೇಕಾದವರು ಬಸಣ್ಣನವರ ತಾಯಿ ನೀಲಮ್ಮ. ಹೆಣ್ಣನ್ನು ಯಾರು ಬೇಕಾದರೂ ನೋಡಲಿ, ಹೆಣ್ಣಿನ ಅಪ್ಪನ ಊಟ ತಾನೇ ನೋಡಬೇಕು ಎನ್ನುವ ಮುದುಕಿ.

ಹೊರಡುವಾಗ ನಮ್ಮಾಕೆ ಬಾಗಿಲಲ್ಲಿ ನಿಂತು ಎಚ್ಚರಿಸಿದಳು. "ಹೆಚ್ಚಿಗಿ ಉಂಡ್ರ ಹೊಟ್ಟಿಬಾಕ ಅಂತಾರ, ಕಡಿಮಿ ಉಂಡ್ರ ಸೊಕ್ಕು ಅಂತಾರ. ನೋಡ್ಕೊಂಡು ಉಣ್ರಿ. ಪೋರಿ ಬಾಳೇದ ಪ್ರಶ್ನಿ ಐತಿ."

ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಪೂಜೆಯಾಗಿ, ಬಸಣ್ಣನವರು ಬೆಳೆಯ ನಡುವೆ ನೈವೇದ್ಯದ ಚರಗ ಚೆಲ್ಲಿ ಬಂದರು. ಭೂಮ್ತಾಯಿ ಉಂಡ ಮೇಲೆ ನಮ್ಮ ಸರದಿ. ಬನ್ನಿಗಿಡದ ನೆರಳಲ್ಲಿ ಬಸಣ್ಣನವರು, ಅವರ ತಮ್ಮ, ಸಂಗಣ್ಣ, ನನ್ನನ್ನು ಕರೆತಂದ ಗಾಡಿಯವನು ಎಲ್ಲ ಸಾಲಾಗಿ ಕೂತೆವು. ಸಜ್ಜೆ ರೊಟ್ಟಿ, ಬದನೆಕಾಯಿ, ಹತ್ತಾರು ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಹೂರಣಗಡುಬು, ಶೇಂಗಾ ಹೋಳಿಗೆ, ಗಡಿಗೆ ತುಂಬ ಹುಳಿ ಅಂಬಲಿ. ನಾನು ಹಕೀಮರನ್ನು ನೆನೆದು, ಒಂದು ತುಣುಕು ರೊಟ್ಟಿಗೆ ಭಜ್ಜಿ ಹಚ್ಚಿ ಬಾಯಿಗಿಟ್ಟು ಕಣ್ಣು ಮುಚ್ಚಿದೆ.

ಏನು ಹೇಳಲಿ! ಐವತ್ತರ ಹತ್ತಿರ ಬಂದ ನನಗೆ ಅವರೆಕಾಳಿಗೂ ಕಡಲೆಗೂ ಬೇರೆ ಬೇರೆ ರುಚಿ ಇದೆಯೆಂದು ಅಂದೇ ತಿಳಿಯಿತು. ಅಗಿದೆ, ಅಗಿಯುತ್ತಲೇ ಇದ್ದೆ. ಎಲ್ಲೋ ಎತ್ತು ನರಳಿದ ಹಾಗೆ ಕೇಳಿಸಿತು. ಪಾಪ, ಮೂಕಪ್ರಾಣಿ ಎಂದುಕೊಂಡು ಅಂಬಲಿಯನ್ನು ಒಂದು ಗುಟುಕು ಹೀರಿ, ಅದರ ಹುಳಿಯ ಮೇಲೆ ಪೂರಾ ಖಯಾಲು ಇಟ್ಟೆ.

ನನಗೆ ತಿಳಿಯದಿದ್ದದ್ದು ಆ ಮನೆಯ ರಿವಾಜು. ಬೀಗರು ಕೈ ತೊಳೆಯುವ ತನಕ ಸಾಲಿನಲ್ಲಿ ಯಾರೂ ಏಳುವಂತಿಲ್ಲ. ಬೀಗರ ಎಲೆಯಲ್ಲಿ ಊಟವಿರುವ ತನಕ ಯಾರ ಎಲೆಯೂ ಬರಿದಾಗಿ ಇರುವಂತಿಲ್ಲ. ನಾನು ಅರ್ಧ ರೊಟ್ಟಿಯನ್ನು ನೀರಾಗಿಸುವಷ್ಟರಲ್ಲಿ ಉಳಿದವರ ಎಲೆ ಮತ್ತೆ ಮತ್ತೆ ತುಂಬಿತ್ತು.

"ಯವ್ವಾ, ಸಾಕಬೇ," ಎಂದು ಯಾರೋ ಗೋಗರೆದದ್ದು ಕೇಳಿಸಿತು.

"ಬಾಯಿ ಮುಚ್ಚೋ ಬಸ್ಯಾ," ನೀಲಮ್ಮನ ದನಿ. "ಬೀಗ್ರು ಇನ್ನಾ ಉಣ್ಣಾಕತ್ಯಾರ. ಬರೀ ಎಲಿ ಇಟ್ಕೊಂಡು ಅವ್ರ ಬಾಯಿ ನೋಡ್ತಿ ಏನು? ಹಿಡಿ ಕಡುಬು!"

ನಾನು ಕಣ್ಣು ತೆರೆದಾಗ ಯುದ್ಧ ಮುಗಿದ ಬಯಲಿನ ಹಾಗಿತ್ತು. ಬಸಣ್ಣನವರು ಬನ್ನಿಗಿಡಕ್ಕೆ ಒರಗಿ ಆಕಾಶ ನೋಡುತ್ತಿದ್ದರು. ಅವರ ತಮ್ಮ ಮಗ್ಗುಲಾಗಿದ್ದ. ನನ್ನ ಭಾವೀ ಅಳಿಯ ಅಂಗಿಯ ಗುಂಡಿ ಬಿಚ್ಚಿ, ಕೈಯಲ್ಲೊಂದು ಕಡುಬು ಹಿಡಿದು, ಫಾಶಿ ಶಿಕ್ಷೆಯಾದವನ ಹಾಗೆ ನನ್ನನ್ನೇ ನೋಡುತ್ತಿದ್ದ. ನರಳಿದ್ದು ಎತ್ತಲ್ಲ, ಗಾಡಿಯವನು. ನನ್ನ ಎಲೆಯಲ್ಲಿ ಇನ್ನೂ ಅರ್ಧ ರೊಟ್ಟಿ, ಒಂದು ಕಡುಬು.

ಸಂಬಂಧ ಮುರಿಯಿತು ಎಂದುಕೊಂಡೆ. ಆಗ ಬಸಣ್ಣನವರು ಮಲಗಿದಲ್ಲಿಂದಲೇ ಕೈ ಮುಗಿದರು. "ಊಟದಾಗ ನನ್ನ ಮಲಗಿಸಿದಾಂವ ಈ ಸೀಮಿಯಾಗ ಇದ್ದಿದ್ದಿಲ್ರಿ. ನೀವು ಎಲ್ಲಾರ್ನೂ ಮಲಗಿಸಿ ಇನ್ನಾ ಉಣ್ಣಾಕತ್ತೀರಲ್ರಿ! ಗಂಡಸು ಅಂದ್ರ ನೀವು."

ನೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ತಮ್ಮಾ, ನನ್ನ ಕೈ ಅಡಿಗಿ ಹಿಂಗ ಕಣ್ಣು ಮುಚ್ಚಿ, ದೇವರ ಪ್ರಸಾದ ಉಂಡಂಗ ಯಾರೂ ಉಂಡಿದ್ದಿಲ್ಲಪ. ಹೆಣ್ಣು ನಮ್ದ. ಈ ಗಂಟು ತಗೊ, ದಾರ್ಯಾಗ ಹಸುವಾದ್ರ ಬೇಕಾಕೈತಿ."

ಒಟ್ಟು ಒಂದೂವರೆ ರೊಟ್ಟಿ, ಒಂದು ಕಡುಬು ಉಂಡು ನಾನು ಸೀಮೆಗೇ ದೊಡ್ಡ ಉಣ್ಣಾಳು ಎನಿಸಿಕೊಂಡೆ. ಗಾಡಿಯವನಿಗೆ ಕೂರಲೂ ಆಗುವಂತಿರಲಿಲ್ಲ. ಅವನನ್ನು ಹಿಂದೆ ಮಲಗಿಸಿ, ಎತ್ತಿಗೆ ಹೆದರುವ ನಾನೇ ಹಗ್ಗ ಹಿಡಿದೆ. ಎತ್ತುಗಳಿಗೆ ಸುರಪುರದ ದಾರಿ ಗೊತ್ತಿದ್ದುದರಿಂದ ನನ್ನ ಸಲಹೆ ಬೇಕಾಗಲಿಲ್ಲ. ಬಸ್ಸು ಕೆಡಲಿಲ್ಲ. ರಾಜ್ಯ ಬದಲಾಗಲಿಲ್ಲ. ತೊಡೆಯ ಮೇಲಿನ ಗಂಟು ಶಹಾಪುರದವರೆಗೂ ಘಮಘಮಿಸಿತು. ಹೊಟ್ಟೆ ಚುರುಗುಟ್ಟಿದರೂ ಪಥ್ಯ ಮುರಿಯದೆ ಕೂತೆ.

ಮನೆಯಲ್ಲಿ ಯಾರೂ ಇರಲಿಲ್ಲ. ಬೀಗರ ಮನೆಯಲ್ಲಿ ಉಂಡವರಿಗೆ ರಾತ್ರಿಯಡುಗೆ ಏಕೆಂದು ಒಲೆಯೂ ಹೊತ್ತಿರಲಿಲ್ಲ. ನಿಂತಲ್ಲೇ ಗಂಟು ಬಿಚ್ಚಿ, ಇಡೀ ಕಡುಬನ್ನು ಒಂದೇ ಸಲ ಬಾಯಿಗೆ ತುರುಕಿದೆ. ಆಗ ಒಳಬಂದ ನಮ್ಮಾಕೆ, "ಏನಾತ್ರಿ? ಅಜ್ಜಿ ಒಪ್ಪಿದ್ಳೇನ್ರಿ?" ಎಂದಳು.

ನಾನು ಬಾಯಿ ಹಿಡಿದುಕೊಂಡು, ಕಣ್ತುಂಬ ನೀರು ತುಂಬಿಕೊಂಡು, ತಲೆಯನ್ನು ಅತ್ತಿಂದಿತ್ತ ಆಡಿಸಿದೆ.

ಅವಳು ಕಂಬಕ್ಕೆ ಒರಗಿ ಕುಸಿದಳು. "ನಾ ಹೇಳಿದ್ದಿಲ್ಲೇನ್ರಿ, ಹೆಚ್ಚಿಗಿ ಉಣ್ಣಬ್ಯಾಡ್ರಿ ಅಂತ!"

ಇಷ್ಟೇ ಆದದ್ದು. ನಾಲಿಗೆ ಕಚ್ಚಿಕೊಂಡಿದ್ದೆ.